ದಾಖಲೆ ಪುಸ್ತಕದ ಕೊನೆಯ ಅಂಕಣ

ಕ್ಷಯರೋಗದ ಇತಿಹಾಸ ಎಂದೊಡನೆ ನಿಮಗೆ ರಾಬರ್ಟ್ ಕಾಕ್ ನೆನಪಾಗಬಹುದು. 1882ರ ಮಾರ್ಚ್ 24ರಂದು ಅವರು ಈ ರೋಗದ ಬ್ಯಾಕ್ಟೀರಿಯಾವನ್ನು ಜಗತ್ತಿಗೆ ಪರಿಚಯಿಸಿದರು. ಆದರೆ ಕ್ಷಯದ ವಿರುದ್ಧದ ಹೋರಾಟ ಸೂಕ್ಷ್ಮದರ್ಶಕದಲ್ಲಿ ಮಾತ್ರವಲ್ಲ, ದಾಖಲೆ ಪುಸ್ತಕದಲ್ಲೂ ನಡೆದಿದೆ. ಅದರ ಒಂದು ಅಧ್ಯಾಯ ನಮ್ಮ ನಾಡಿನದೇ.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅವರಾಗಿಯೇ ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಅಂದಿನ ಸಾಮಾನ್ಯ ನಂಬಿಕೆ. ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನೇ ಕೇಳಿ ನೋಡಿದರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಆ ನಂಬಿಕೆಯನ್ನು ಸುಳ್ಳಾಗಿಸಿತು. ಅರ್ಧಕ್ಕಿಂತ ಹೆಚ್ಚು ರೋಗಿಗಳು ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಅನೇಕರು ಕೆಮ್ಮಿನ ಔಷಧದ ಸೀಸೆ ಹಿಡಿದು ಮರಳಿದ್ದರು! ಕೊರತೆ ಇದ್ದದ್ದು ಜನರಲ್ಲಲ್ಲ, ವ್ಯವಸ್ಥೆಯಲ್ಲಿ.

1962ರಲ್ಲಿ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಆರಂಭವಾಯಿತು. ಮೂರು ದಶಕಗಳ ನಂತರ, 1992ರ ಪರಿಶೀಲನೆಯಲ್ಲಿ ಕಂಡದ್ದೇನು? ಚಿಕಿತ್ಸೆ ಪೂರ್ಣಗೊಳಿಸಿದವರು ಅರ್ಧಕ್ಕಿಂತ ಕಡಿಮೆ. ಎಷ್ಟು ರೋಗಿಗಳು ಪತ್ತೆಯಾದರು ಎಂಬ ಲೆಕ್ಕಕ್ಕೆ ಸಿಕ್ಕ ಮಹತ್ವ, ಅವರು ಕೊನೆಗೆ ಏನಾದರು ಎಂಬ ಪ್ರಶ್ನೆಗೆ ಸಿಕ್ಕಿರಲಿಲ್ಲ.

ಈ ಪ್ರಶ್ನೆಗೆ ದಾರಿ ತೋರಿದವರು ಕಾರೆಲ್ ಸ್ಟಿಬ್ಲೊ. 1970ರ ದಶಕದ ಕೊನೆಯಲ್ಲಿ ಆಫ್ರಿಕಾದ ಟಾಂಜಾನಿಯಾದಲ್ಲಿ ಅವರು ಸರಳ ಪದ್ಧತಿಯೊಂದನ್ನು ರೂಪಿಸಿದರು. ಮೂರು ತಿಂಗಳಲ್ಲಿ ದಾಖಲಾದ ರೋಗಿಗಳನ್ನೆಲ್ಲ ಒಂದು ತಂಡವೆಂದು ಪರಿಗಣಿಸಿ, ಪ್ರತಿಯೊಬ್ಬರ ಹೆಸರಿನ ಮುಂದೆ ಫಲಿತಾಂಶ ಬರೆಯಬೇಕು: ಗುಣವಾದರೇ, ಚಿಕಿತ್ಸೆ ವಿಫಲವಾಯಿತೇ, ತೀರಿಕೊಂಡರೇ, ನಡುವೆ ಬಿಟ್ಟುಹೋದರೇ? ಯಾವ ಹೆಸರನ್ನೂ ಲೆಕ್ಕದಿಂದ ಕೈಬಿಡುವಂತಿಲ್ಲ. ಭಾರತದಲ್ಲಿ 1997ರಿಂದ ವಿಸ್ತರಿಸಿದ ಡಾಟ್ಸ್ ಯೋಜನೆ ಈ ಪದ್ಧತಿಯನ್ನೇ ಅನುಸರಿಸಿ 2006ರಲ್ಲಿ ದೇಶವನ್ನೆಲ್ಲ ತಲುಪಿತು. 2012ರಲ್ಲಿ ಖಾಸಗಿ ವೈದ್ಯರೂ ಪ್ರಕರಣಗಳನ್ನು ವರದಿ ಮಾಡುವುದು ಕಡ್ಡಾಯವಾಯಿತು. ದಾಖಲೆ ಪುಸ್ತಕ 'ನಿಕ್ಷಯ್' ಎಂಬ ಗಣಕ ವ್ಯವಸ್ಥೆಗೆ ಬಂತು.

ಚಿಕಿತ್ಸೆ ಬಿಟ್ಟವರನ್ನು ಹಿಂದೆ ತಪ್ಪಿತಸ್ಥರೆಂಬ ಅರ್ಥ ಬರುವ 'ಡಿಫಾಲ್ಟರ್' ಎಂಬ ಪದದಿಂದ ಕರೆಯುತ್ತಿದ್ದರು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಪದವನ್ನು ಕೈಬಿಟ್ಟಿತು. ತುಮಕೂರಿನ ಹಳ್ಳಿಗರು ಕಲಿಸಿದ ಪಾಠವೂ ಇದೇ ಅಲ್ಲವೇ?

ಮಿತ್ರರೇ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಯಾರಿಗಾದರೂ ಎರಡು ವಾರ ಮೀರಿದ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಕಫ ಪರೀಕ್ಷೆ ಮಾಡಿಸಿ. ಚಿಕಿತ್ಸೆಯಲ್ಲಿರುವವರು ಕೆಮ್ಮು ನಿಂತಿತೆಂದು ಮಾತ್ರೆ ನಿಲ್ಲಿಸದಂತೆ ಜೊತೆಗಿರಿ. ಅವರ ಹೆಸರಿನ ಮುಂದೆ ಕೊನೆಯ ಅಂಕಣದಲ್ಲಿ 'ಗುಣವಾಗಿದೆ' ಎಂದು ಬರೆಯುವಂತಾಗಲಿ.