ಆಟಿಕೆಯ ದೋಷವೂ ತಯಾರಕನ ಹೊಣೆಯೂ

ಆಟಿಕೆಯನ್ನು ಕೊಳ್ಳುವವರು ಒಬ್ಬರು. ಅದರೊಡನೆ ಆಡುವವರು ಇನ್ನೊಬ್ಬರು. ಮಗು ಅಂಗಡಿಕಾರನೊಡನೆ ಕರಾರು ಮಾಡಿಕೊಳ್ಳುವುದಿಲ್ಲ, ಬೆಲೆ ತೆರುವುದಿಲ್ಲ, ಎಚ್ಚರಿಕೆಯ ಮಾತನ್ನು ಓದಿ ಅರಿಯಲಾರದು. ಗಾಯವಾಗುವುದು ಮಾತ್ರ ಅದಕ್ಕೇ. ಸಾಮಾನ್ಯವೆಂದು ತೋರುವ ಈ ಸಂಗತಿಯೇ ನ್ಯಾಯಶಾಸ್ತ್ರದ ಇತಿಹಾಸದಲ್ಲಿ ಬಹುಕಾಲ ದೊಡ್ಡ ತೊಡಕಾಗಿತ್ತು. ಆ ತೊಡಕು ಬಿಡಿಸಿಕೊಂಡ ಬಗೆಯನ್ನು ಸಂಗ್ರಹವಾಗಿ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

೧೮೪೨ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಟಪಾಲು ಸಾರೋಟಿನ ಚಾಲಕನೊಬ್ಬನ ದಾವೆ ಬಂದಿತು. ಸಾರೋಟು ಮುರಿದು ಅವನು ಗಾಯಗೊಂಡಿದ್ದನು. ಆದರೆ ಅದನ್ನು ಸುಸ್ಥಿತಿಯಲ್ಲಿಡುವ ಕರಾರು ಟಪಾಲು ಇಲಾಖೆಯ ಮುಖ್ಯಾಧಿಕಾರಿಯೊಡನೆ ಆಗಿದ್ದಿತೇ ಹೊರತು ಚಾಲಕನೊಡನೆ ಆಗಿರಲಿಲ್ಲ. ಆದಕಾರಣ ಅವನಿಗೆ ಪರಿಹಾರ ದೊರೆಯಲಿಲ್ಲ. ಈ ತತ್ತ್ವದಂತೆ, ಸ್ವಭಾವತಃ ಅಪಾಯಕರವಾದ ವಸ್ತುಗಳಂಥ ಕೆಲವು ಅಪವಾದಗಳನ್ನು ಬಿಟ್ಟರೆ, ತಂದೆ ಕೊಂಡು ತಂದ ಆಟಿಕೆಯಿಂದ ಗಾಯಗೊಂಡ ಮಗುವಿಗೆ ತಯಾರಕನ ಮೇಲೆ ಹಕ್ಕಿಲ್ಲವೆಂದಾಗುತ್ತದೆ.

ಈ ಗೋಡೆ ಒಡೆದುದು ೧೯೩೨ರಲ್ಲಿ. ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಗೆಳತಿ ಕೊಡಿಸಿದ ಶುಂಠಿ ಪಾನೀಯದ ಸೀಸೆಯಲ್ಲಿ ಕೊಳೆತ ಬಸವನಹುಳು ಇದ್ದಿತೆಂಬುದು ಮಹಿಳೆಯೊಬ್ಬಳ ದೂರು. ಕೊಂಡವಳು ಅವಳಲ್ಲವಾದರೂ ತಯಾರಕನು ಅವಳ ವಿಷಯದಲ್ಲಿ ಎಚ್ಚರ ವಹಿಸತಕ್ಕದ್ದೆಂದು ಬ್ರಿಟನ್ನಿನ ಪ್ರಭುಗಳ ಸಭೆ ಬಹುಮತದಿಂದ ತೀರ್ಮಾನಿಸಿತು. ೧೯೬೩ರಲ್ಲಿ ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಹೆಂಡತಿ ಉಡುಗೊರೆಯಾಗಿ ಕೊಟ್ಟ ಮರಗೆಲಸದ ಯಂತ್ರದಿಂದ ಗಾಯಗೊಂಡವನು ತಯಾರಕನ ಅಜಾಗರೂಕತೆಯನ್ನು ರುಜುವಾತುಪಡಿಸಬೇಕಾಗಿಲ್ಲ, ದೋಷವನ್ನು ತೋರಿದರೆ ಸಾಕು ಎಂದಿತು. ಎರಡು ಪ್ರಕರಣಗಳಲ್ಲಿಯೂ ನೊಂದವರು ಕೊಂಡವರಲ್ಲ. ಮಕ್ಕಳ ಸ್ಥಿತಿಯೂ ಇದೇ.

ಆದರೆ ಪರಿಹಾರವು ಗಾಯದ ಬಳಿಕ ಬರುವಂಥದು. ಅಮೆರಿಕದಲ್ಲಿ ೧೯೬೬ ಮತ್ತು ೧೯೬೯ರ ಶಾಸನಗಳು ಅಪಾಯಕರ ಆಟಿಕೆಗಳನ್ನು ಮಾರುಕಟ್ಟೆಯಿಂದಲೇ ತಡೆಯುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟವು. ಹಾಗಿದ್ದೂ ಹುಲ್ಲುಹಾಸಿನ ಮೇಲೆ ಎಸೆದು ಆಡುವ ಲೋಹದ ಮೊನೆಯ ಬಾಣಗಳು, ಎಚ್ಚರಿಕೆಯ ಬರಹವಿದ್ದು ಆಟಿಕೆಯಂಗಡಿಗಳಲ್ಲಿ ಮಾರದಿದ್ದರೆ ಸಾಕೆಂಬ ನಿಯಮದ ಮೇಲೆ ಉಳಿದುಕೊಂಡವು. ೧೯೮೭ರಲ್ಲಿ ಕ್ಯಾಲಿಫೋರ್ನಿಯದ ಏಳು ವರ್ಷದ ಬಾಲಕಿಯೊಬ್ಬಳು ಅಂಥ ಬಾಣ ತಗುಲಿ ಮೃತಳಾದಳು. ಅವಳ ತಂದೆಯ ಪ್ರಯತ್ನದಿಂದ ೧೯೮೮ರ ಡಿಸೆಂಬರಿನಲ್ಲಿ ಮಾರಾಟ ನಿಷಿದ್ಧವಾಯಿತು. ಬರಹವೊಂದೇ ಮಗುವನ್ನು ಕಾಯಲಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಭಾರತದಲ್ಲಿ ೧೯೮೬ರ ಗ್ರಾಹಕ ಸಂರಕ್ಷಣಾ ಶಾಸನವೇ, ಕೊಂಡವರ ಸಮ್ಮತಿಯಿಂದ ವಸ್ತುವನ್ನು ಬಳಸುವವರನ್ನೂ ಗ್ರಾಹಕರೆಂದು ಗಣಿಸಿತು. ೨೦೧೯ರ ಶಾಸನವು ಬಾಲಕರ ಪರವಾಗಿ ತಂದೆತಾಯಿಗಳು ಇಲ್ಲವೆ ಪೋಷಕರು ದೂರು ಕೊಡಬಹುದೆಂದು ಸ್ಪಷ್ಟಪಡಿಸಿ, ತಯಾರಿಕೆಯ ದೋಷ, ವಿನ್ಯಾಸದ ದೋಷ, ಎಚ್ಚರಿಕೆಯ ಕೊರತೆ ಮೊದಲಾದವನ್ನು ಹೊಣೆಗೆ ಆಧಾರವಾಗಿಸಿತು. ೨೦೨೧ರ ಜನವರಿ ೧ರಿಂದ ಆಟಿಕೆಗಳಿಗೆ ಭಾರತೀಯ ಮಾನಕ ಸಂಸ್ಥೆಯ ಗುರುತು ಕಡ್ಡಾಯವಾಯಿತು. ನೋಂದಾಯಿತ ಕರಕುಶಲಿಗಳಿಗೂ ಭೌಗೋಳಿಕ ಸೂಚಿಕೆಯ ಅಧಿಕೃತ ಬಳಕೆದಾರರಿಗೂ ವಿನಾಯಿತಿ ದೊರೆತುದರಿಂದ, ಆಲೆಮರವನ್ನು ಕಡೆದು ಅರಗಿನ ಬಣ್ಣವೇರಿಸುವ ಚನ್ನಪಟ್ಟಣದ ಕುಶಲಕರ್ಮಿಗಳಿಗೆ ಅನುಕೂಲವಾಯಿತು. ಗುರುತಿನಿಂದ ವಿನಾಯಿತಿ ಎಂದರೆ ಹೊಣೆಯಿಂದ ವಿನಾಯಿತಿಯಲ್ಲ ಎಂಬುದನ್ನು ಇಲ್ಲಿ ಮರೆಯಲಾಗದು.

ಇನ್ನು ಜಾತ್ರೆಯಲ್ಲಿ, ಬೀದಿಬದಿಯಲ್ಲಿ ಚೀಟಿಯಿಲ್ಲದೆ ಕೊಂಡ ಆಟಿಕೆಯ ಮಾತು. ತಯಾರಕನಾರೆಂದು ತಿಳಿಯದಿದ್ದರೆ ಮಾರಿದವನೇ ಹೊಣೆಗಾರನೆಂದು ೨೦೧೯ರ ಶಾಸನ ಹೇಳುತ್ತದೆ. ಆದರೆ ಜಾತ್ರೆ ಮುಗಿದ ಮರುದಿನ ಆ ಮಾರಾಟಗಾರನನ್ನು ಹುಡುಕುವುದೆಲ್ಲಿ? ಸಾರೋಟಿನ ಚಾಲಕನಿಗೆ ಪ್ರತಿವಾದಿ ಯಾರೆಂದು ಗೊತ್ತಿತ್ತು, ಹಕ್ಕಿರಲಿಲ್ಲ; ಈ ಮಗುವಿಗೆ ಹಕ್ಕು ಉಂಟು, ಪ್ರತಿವಾದಿ ಇಲ್ಲ. ಹೀಗಿರುವುದರಿಂದಲೇ ಪರಿಹಾರದ ಶಾಸನ ಎಷ್ಟೇ ವಿಸ್ತಾರಗೊಂಡರೂ, ಆಟಿಕೆ ಮಗುವಿನ ಕೈ ಸೇರುವ ಮೊದಲೇ ನಡೆಯಬೇಕಾದ ಪರೀಕ್ಷೆಯ ಸ್ಥಾನವನ್ನು ಅದು ತುಂಬಲಾರದು.