ಸೊಲ್ಲಾಪುರ, ಅಕ್ಕಲಕೋಟೆಗಳ ನಗರ ಇತಿಹಾಸ: ಪತ್ರಾಗಾರದಿಂದ ದತ್ತಕೋಶದವರೆಗೆ

ಸೊಲ್ಲಾಪುರ ಮತ್ತು ಅಕ್ಕಲಕೋಟೆಗಳ ನಗರ ಇತಿಹಾಸಕ್ಕೆ ಬೇಕಾದ ಆಕರಗಳಲ್ಲಿ ಬಹುಪಾಲು ಇರುವುದು ಆ ಊರುಗಳ ಹೊರಗೆ. ಶಾಸನಗಳ ಪಾಠ ಧಾರವಾಡದಲ್ಲಿ, ಪೇಶ್ವೆ ಕಾಲದ ಕಾಗದ ಪುಣೆಯಲ್ಲಿ, ಕಲೆಕ್ಟರರ ಪತ್ರವ್ಯವಹಾರ ಮುಂಬಯಿಯಲ್ಲಿ, ಸಂಸ್ಥಾನದ ಕಡತಗಳು ದೆಹಲಿ, ಲಂಡನ್‌ಗಳಲ್ಲಿ ಇವೆ. ಆಡಳಿತ ಕೈ ಬದಲಾದಂತೆಲ್ಲ ಕಾಗದಗಳೂ ದಾರಿ ಬದಲಿಸಿದ್ದರಿಂದ ಹೀಗಾಯಿತು. 1818ರಲ್ಲಿ ಸೊಲ್ಲಾಪುರ ಪೇಶ್ವೆಯರಿಂದ ಕಂಪನಿಗೆ ಬಂತು. 1838ರಲ್ಲಿ ಪ್ರತ್ಯೇಕ ಕಲೆಕ್ಟರೇಟ್ ಆಯಿತು, 1864ರಲ್ಲಿ ಅದು ರದ್ದಾಗಿ 1869ರಲ್ಲಿ ಮತ್ತೆ ರೂಪುಗೊಂಡಿತು. ಅಕ್ಕಲಕೋಟೆಯಾದರೋ 1948ರವರೆಗೆ ಭೋಸಲೆ ಮನೆತನದ ಸಂಸ್ಥಾನವಾಗಿಯೇ ಉಳಿಯಿತು. ಯಾವ ವರ್ಷ ಯಾರ ದಫ್ತರಿಗೆ ಯಾರು ಉತ್ತರಿಸುತ್ತಿದ್ದರು ಎಂಬುದು ಗೊತ್ತಿಲ್ಲದೆ ಸೂಚಿಯ ಮುಂದೆ ಕುಳಿತವರಿಗೆ ಏನೂ ಸಿಗುವುದಿಲ್ಲ.

ಬರವಣಿಗೆಯ ಮೊದಲ ಹಂತ ಬೇಗ ಹೇಳಿ ಮುಗಿಸುವಂಥದ್ದು. ಫೆರಿಷ್ತಾನಂಥ ಪಾರಸಿ ಇತಿಹಾಸಕಾರರಿಗೆ ಸೊಲ್ಲಾಪುರವೆಂದರೆ ಕೋಟೆ. ಅದು ಅಹಮದ್‌ನಗರ ಮತ್ತು ಬಿಜಾಪುರಗಳ ನಡುವೆ ಕೈ ಬದಲಾದದ್ದು, ಚಾಂದಬೀಬಿಯ ಮದುವೆಯಲ್ಲಿ ಬಳುವಳಿಯಾಗಿ ಹೋದದ್ದು, ಇಷ್ಟೇ ಅವರ ಆಸಕ್ತಿ. 1884ರಲ್ಲಿ ಜೇಮ್ಸ್ ಕ್ಯಾಂಪ್‌ಬೆಲ್ ಅವರ ಸಂಪಾದಕತ್ವದಲ್ಲಿ ಬಂದ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್‌ನ 20ನೇ ಸಂಪುಟದಿಂದ ಊರಿನ ಪೇಟೆ, ಕೆರೆ, ನೇಕಾರಿಕೆ, ಜಾತಿ, ಕಸುಬು ಎಲ್ಲ ಒಂದು ಕಡೆ ಸೇರಿದವು. ನಂತರದ ಬರಹಗಳು ಇದನ್ನೇ ತಿರುಗಿಸಿ ಬರೆದವು. ಕಲೆಕ್ಟರರ ಕೈಕೆಳಗಿನವರು ಕಳಿಸಿದ ಟಿಪ್ಪಣಿಗಳ ಸಂಕಲನ ಅದು ಎಂಬುದನ್ನು ಮರೆತು, ಅದನ್ನು ಮೂಲ ಆಕರವೆಂದು ಉಲ್ಲೇಖಿಸುವ ಚಟ ಇಂದಿಗೂ ಹೋಗಿಲ್ಲ. ಹದಿನಾರು ಹಳ್ಳಿ ಸೇರಿ ಸೊಲ್ಲಾಪುರವಾಯಿತೆಂಬ ಕಥೆ ಗೆಜೆಟಿಯರ್ ಪರಂಪರೆಯಿಂದಲೇ ಬೆಳೆದು ನಿಂತದ್ದು. ಮಹಾರಾಷ್ಟ್ರ ಸರ್ಕಾರದ 1977ರ ಪರಿಷ್ಕೃತ ಗೆಜೆಟಿಯರ್ ಶಾಸನಗಳ ಆಧಾರದ ಮೇಲೆ ಅದನ್ನು ಕೈಬಿಟ್ಟರೂ ಪ್ರವಾಸಿ ಕೈಪಿಡಿಗಳು ಬಿಟ್ಟಿಲ್ಲ.

ಆ ಶಾಸನಗಳ ಸಂಗ್ರಹವೇ ಎರಡನೇ ಹಂತ. ನಿಜವಾದ ಅಡಿಪಾಯ ಬಿದ್ದದ್ದೂ ಆಗಲೇ. ಇಲ್ಲಿ ಮೊದಲು ಕಾಣುವುದು ದೊಡ್ಡ ಖಾಲಿ ಜಾಗ. ಎಪಿಗ್ರಾಫಿಯಾ ಕರ್ನಾಟಿಕಾ ಮೈಸೂರು ಸೀಮೆಯದು. ದಕ್ಷಿಣ ಭಾರತ ಶಾಸನಗಳ ಬಾಂಬೆ-ಕರ್ನಾಟಕ ಸಂಪುಟಗಳು ಧಾರವಾಡ, ವಿಜಾಪುರ, ಬೆಳಗಾವಿ ಕಡೆಯವು. ಶಂ. ಗೋ. ತುಳಪುಳೆ ಅವರ 1963ರ ಸಂಗ್ರಹ ಮರಾಠಿ ಶಾಸನಗಳದು. ಶರಣ ಸಿದ್ಧರಾಮ ಕೆರೆ ಕಟ್ಟಿಸಿ ಲಿಂಗಗಳನ್ನು ಸ್ಥಾಪಿಸಿದ ಸೊನ್ನಲಿಗೆ, ಅಂದರೆ ಇಂದಿನ ಸೊಲ್ಲಾಪುರ, ರಾಘವಾಂಕ ಇಡೀ ಕಾವ್ಯವನ್ನೇ ಮೀಸಲಿಟ್ಟ ಆ ಊರು, ಯಾವ ಸರಣಿಯ ಗಡಿಯೊಳಗೂ ಬರಲಿಲ್ಲ. ಅಕ್ಕಲಕೋಟೆಯ ಶಿಲಾಹಾರ ಇಂದರಸನ ಶಾಸನದಂಥ ಕೆಲವು ಎಪಿಗ್ರಾಫಿಯಾ ಇಂಡಿಕಾದಲ್ಲಿ ಬಿಡಿಬಿಡಿಯಾಗಿ ಬಂದವು, ಅಷ್ಟೆ. ಪಿ. ಬಿ. ದೇಸಾಯಿ ಅವರು ದಕ್ಷಿಣ ಭಾರತದ ಜೈನಧರ್ಮ ಮತ್ತು ಜೈನ ಶಾಸನಗಳ ಬಗ್ಗೆ ಬರೆದ ಗ್ರಂಥ 1957ರಲ್ಲಿ ಸೊಲ್ಲಾಪುರದ ಜೈನ ಸಂಸ್ಕೃತಿ ಸಂರಕ್ಷಕ ಸಂಘದಿಂದಲೇ ಪ್ರಕಟವಾಯಿತು. ಕನ್ನಡ ಶಾಸನಗಳ ಮಹತ್ವದ ಪುಸ್ತಕವೊಂದು ಈ ಊರಿನ ಸಂಸ್ಥೆಯಿಂದ ಹೊರಬಂದಿತ್ತು, ಆದರೆ ಈ ಊರಿನ ಜಿಲ್ಲೆಯ ಶಾಸನ ಸಂಪುಟ ಇನ್ನೂ ಇರಲಿಲ್ಲ.

ಆ ಕೊರತೆಯನ್ನು ತುಂಬಿದ್ದು ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರ. ಸೊಲ್ಲಾಪುರ ಜಿಲ್ಲೆಯ ಶಾಸನಗಳ ಅವರ ಸಂಪುಟವನ್ನು ಧಾರವಾಡದ ಶ್ರೀಹರಿ ಪ್ರಕಾಶನ 1988ರಲ್ಲಿ ಪ್ರಕಟಿಸಿತು. ರಿತ್ತಿ ಅಧ್ಯಾಪಕರು. ಕುಂಭಾರರು ವಿಶ್ವವಿದ್ಯಾಲಯದ ಹುದ್ದೆಯ ಹಂಗಿಲ್ಲದೆ ಹಳ್ಳಿ ಹಳ್ಳಿ ತಿರುಗಿ ಕಲ್ಲು ಹುಡುಕಿದವರು. ಭೀಮಾ-ಸೀನಾ ಸಂಗಮದ ಹತ್ತರಸಂಗ ಕೂಡಲದಲ್ಲಿ 1018ರ ಮರಾಠಿ ಶಾಸನವನ್ನು ಬೆಳಕಿಗೆ ತಂದ ಖ್ಯಾತಿಯೂ ಅವರದೇ. ಮರಾಠಿಯ ಅತಿ ಹಳೆಯ ಶಾಸನಗಳಲ್ಲೊಂದನ್ನು ಓದಿದ ಮನುಷ್ಯನೇ ಕನ್ನಡ ಶಾಸನಗಳನ್ನೂ ಓದಿದ್ದು ಆ ಸೀಮೆಗೆ ಸಹಜ. ಸಮ್ಮೇಳನಗಳ ವೇದಿಕೆಯಲ್ಲಿ ಮಾತ್ರ ಅದು ಸಹಜವಾಗಿ ಕಂಡಿಲ್ಲ. ನಗರ ಇತಿಹಾಸಕಾರನಿಗೆ ಈ ಸಂಪುಟದಲ್ಲಿ ಬೇಕಾದದ್ದು ರಾಜರ ಬಿರುದಲ್ಲ. ದತ್ತಿಗಳಲ್ಲಿ ಬರುವ ಸುಂಕ, ಗಾಣ, ತೋಟ, ಕೇರಿ, ಮತ್ತು ಯಾವ ಕಲ್ಲು ಯಾವ ಗುಡಿಯಿಂದ ಎಲ್ಲಿಗೆ ಸರಿದು ಬಂತು ಎಂಬ ವಿವರ. ಈ ದೃಷ್ಟಿಯಿಂದ ಅದನ್ನು ಓದಿದವರು ವಿರಳ.

ಪುಣೆಯ ಪತ್ರಾಗಾರದ ಪೇಶ್ವೆ ದಫ್ತರ ಮೂರನೇ ಮೂಲ. ಗೋ. ಸ. ಸರದೇಸಾಯಿ 1930ರಿಂದ 1934ರ ನಡುವೆ ಅದರಿಂದ ಆಯ್ದ 45 ಸಂಪುಟ ಅಚ್ಚು ಹಾಕಿಸಿದರು. ಅವು ರಾಜಕಾರಣದ ಆಯ್ಕೆ. ಪೇಟೆಯ ಜಕಾತಿ, ಮನೆ ಜಾಗದ ಜಗಳ, ದೇವಸ್ಥಾನದ ಇನಾಮು ಉಳಿದದ್ದು ಅಚ್ಚಾಗದ ರುಮಾಲುಗಳಲ್ಲಿ. ರುಮಾಲು ಎಂದರೆ ಬಟ್ಟೆಯಲ್ಲಿ ಕಟ್ಟಿದ ಗಂಟು. ಬಿಚ್ಚಿದರೆ ಒಳಗೆ ಉದ್ದುದ್ದ ಹಾಳೆಗಳು. ಹಾಳೆಯ ಉದ್ದಕ್ಕೂ ಮೊದಲೇ ಎಳೆದ ಗೆರೆ, ಅದರ ಕೆಳಗೆ ಲೇಖಣಿ ಎತ್ತದೆ ಓಡಿಸಿದ ಮೋಡಿ ಅಕ್ಷರ. ಪದಗಳ ನಡುವೆ ಬಿಡುವಿಲ್ಲ, ಇಕಾರ ಉಕಾರಗಳಲ್ಲಿ ಹ್ರಸ್ವ ದೀರ್ಘದ ಭೇದವಿಲ್ಲ. ತಾರೀಖು ಇನ್ನೊಂದು ತೊಡಕು. ‘ಇಹಿದೆ ಸಬೈನ ಮಯಾ ವ ಅಲಫ’ ಎಂದಿದ್ದರೆ ಅರಬ್ಬಿ ಎಣಿಕೆಯಲ್ಲಿ ಒಂದು, ಎಪ್ಪತ್ತು, ನೂರು, ಸಾವಿರ. ಕೂಡಿದರೆ ಸುಹೂರ್ ಸನ್ 1171, ಅಂದರೆ ಕ್ರಿ.ಶ. 1770–71. ಈ ಲೆಕ್ಕ ತಪ್ಪಿದರೆ ಪೇಟೆಯ ಇಡೀ ಕಾಲಾನುಕ್ರಮವೇ ಜಾರುತ್ತದೆ. ಮುಂಬಯಿ ಕರ್ನಾಟಕದ ಮುದುಕರಿಗೆ ಮೋಡಿ ಗೊತ್ತಿತ್ತು, ಊರ ಕುಲಕರ್ಣಿಗಳು ಅದರಲ್ಲೇ ಬರೆದರು. ಈಗ ಕನ್ನಡ ವಿಭಾಗಗಳಲ್ಲಿ ಹಳಗನ್ನಡ ಓದಿಸುತ್ತಾರೆ, ಮೋಡಿಯ ಸುದ್ದಿ ಇಲ್ಲ. ಗಡಿಸೀಮೆಯ ಇತಿಹಾಸ ಕನ್ನಡ ಸಂಶೋಧಕರ ಕೈ ತಪ್ಪಲು ರಾಜಕೀಯಕ್ಕಿಂತ ಇದೇ ದೊಡ್ಡ ಕಾರಣವಿರಬಹುದು.

ಗಿರಣಿಗಳ ಸೊಲ್ಲಾಪುರಕ್ಕೆ ಆಕರಗಳ ಬರವಿಲ್ಲ. 1852ರಲ್ಲಿ ಪುರಸಭೆ, 1860ರಲ್ಲಿ ಜಿಐಪಿ ರೈಲು, 1870ರ ದಶಕದಲ್ಲಿ ಸೊಲ್ಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿ ಬಂದವು. ಈ ಕಂಪನಿಯೇ ಜನರ ಬಾಯಿಯ ‘ಜುನಿ ಮಿಲ್ಲು’. ಒಂದೊಂದು ಹೆಜ್ಜೆಗೂ ಒಂದೊಂದು ವರದಿ ಸರಣಿಯಿದೆ. ಊರಿಗೆ ನೀರು ಕೊಟ್ಟ ಏಕರೂಖ ಕೆರೆಗೆ ಲೋಕೋಪಯೋಗಿ ಇಲಾಖೆಯ ವಾರ್ಷಿಕ ವರದಿ, ಪ್ಲೇಗಿಗೆ ಸ್ಯಾನಿಟರಿ ಕಮಿಷನರರ ವರದಿ, ಜನಸಂಖ್ಯೆಗೆ ಸೆನ್ಸಸ್. 1901ರಲ್ಲಿ ಊರಿನಲ್ಲಿದ್ದವರು 75,288 ಜನ. 1921ರಲ್ಲಿ ಶುರುವಾದ ಬಾಂಬೆ ಲೇಬರ್ ಗೆಜೆಟ್‌ನಲ್ಲಿ ಕೂಲಿ, ಮುಷ್ಕರಗಳ ಲೆಕ್ಕ ತಿಂಗಳು ತಿಂಗಳಿಗೂ ಸಿಗುತ್ತದೆ. ಇವನ್ನೆಲ್ಲ ಮನೆ ಮನೆಯ ಸಮೀಕ್ಷೆಯೊಂದಿಗೆ ಕೂಡಿಸಿದ್ದು ಪುಣೆಯ ಗೋಖಲೆ ಅರ್ಥಶಾಸ್ತ್ರ ಸಂಸ್ಥೆ. ಧ. ರಾ. ಗಾಡಗೀಳರು 1965ರಲ್ಲಿ ಹೊರತಂದ ಸೊಲ್ಲಾಪುರ ನಗರದ ಸಾಮಾಜಿಕ-ಆರ್ಥಿಕ ಅಧ್ಯಯನಕ್ಕೆ ಸಮನಾದದ್ದು ಈ ಪ್ರದೇಶದ ಬೇರೆ ಊರುಗಳಿಗೆ ಅಪರೂಪ.

1930ರ ಏಪ್ರಿಲ್‌ನಲ್ಲಿ ಪುರಸಭೆಯ ಮೇಲೆ ಬಾವುಟ ಹಾರಿದ್ದು, ಮೇ ತಿಂಗಳ ಗಲಭೆ, ಲಷ್ಕರಿ ಕಾಯಿದೆ, 1931ರ ಜನವರಿ 12ರಂದು ಯರವಡಾದಲ್ಲಿ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ ಅವರಿಗೆ ಗಲ್ಲು: ಈ ಪ್ರಸಂಗ ಎಷ್ಟೋ ಸಲ ಬರೆಸಿಕೊಂಡಿದೆ. ಹೆಚ್ಚಿನ ಬರಹ ಹುತಾತ್ಮರ ಚರಿತ್ರೆ. ಅದನ್ನು ಊರಿನ ಇತಿಹಾಸವಾಗಿಸಿದವರು ಮಂಜಿರಿ ಕಾಮತ್. ಎರಡು ಮಹಾಯುದ್ಧಗಳ ನಡುವಿನ ಸೊಲ್ಲಾಪುರದ ಕಾರ್ಮಿಕರ ಬಗ್ಗೆ ಅವರ ಕೇಂಬ್ರಿಜ್ ಪ್ರಬಂಧ, ಯುದ್ಧಕಾಲದ ಹತ್ತಿ ಗಿರಣಿಗಳ ಬಗ್ಗೆ 1998ರಲ್ಲಿ ಸೋಶಿಯಲ್ ಸೈಂಟಿಸ್ಟ್‌ನಲ್ಲಿ ಬಂದ ಲೇಖನ, ಪಂಢರಪುರದ ಜಾತ್ರೆ ಮತ್ತು ವಸಾಹತು ನೈರ್ಮಲ್ಯದ ಬಗ್ಗೆ 2001ರ ಲೇಖನ, ಮೂರೂ ಸರ್ಕಾರಿ ಕಡತವನ್ನು ಅದು ಹೇಳಲು ಬಯಸದ ವಿಷಯಕ್ಕಾಗಿ ಓದುತ್ತವೆ. ಡಗ್ಲಸ್ ಹೇನ್ಸ್ ಅವರ 2012ರ ಗ್ರಂಥ ಗಿರಣಿಯ ಗೋಡೆ ದಾಟಿ ಕೈಮಗ್ಗ, ಪವರ್‌ಲೂಮ್‌ಗಳ ಸಣ್ಣ ಊರ ಬಂಡವಾಳವನ್ನು ಹುಡುಕಿತು. ತೆಲುಗು ಪದ್ಮಶಾಲಿಗಳ ಕಾರಖಾನೆಗಳು ಸಂಶೋಧನೆಯ ನಡುಮನೆಗೆ ಬಂದದ್ದು ಹೀಗೆ.

ಯಾರೂ ಹೆಚ್ಚು ಬಳಸದ, ಉಚಿತವಾಗಿ ಸಿಗುವ ಇನ್ನೊಂದು ಆಕರ ನ್ಯಾಯಾಲಯದ ತೀರ್ಪು. 1949ರ ಆಗಸ್ಟ್‌ನಲ್ಲಿ ಜುನಿ ಮಿಲ್ಲು ನಿಂತಿತು. 1950ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಅದರ ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಷೇರುದಾರರು ಸುಪ್ರೀಂ ಕೋರ್ಟಿಗೆ ಹೋದರು. ಚಿರಂಜಿತ್ ಲಾಲ್ ಚೌಧರಿ ಪ್ರಕರಣವನ್ನೂ 1954ರ ದ್ವಾರಕಾದಾಸ್ ಶ್ರೀನಿವಾಸ್ ಪ್ರಕರಣವನ್ನೂ ಕಾನೂನು ವಿದ್ಯಾರ್ಥಿಗಳೆಲ್ಲ ಸಮಾನತೆ, ಆಸ್ತಿ ಹಕ್ಕುಗಳಿಗಾಗಿ ಓದುತ್ತಾರೆ. ಆದರೆ ಅವುಗಳಲ್ಲಿ ಕಂಪನಿಯ ಬಂಡವಾಳ, ಆಡಳಿತ ಮಂಡಳಿಯ ಜಗಳ, ಬಾಗಿಲು ಹಾಕುವ ನೋಟಿಸು ಎಲ್ಲ ದಾಖಲಾಗಿವೆ. ಗಿರಣಿಯ ಸ್ವಂತ ಕಾಗದ ಸಿಗದವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ.

ಅಕ್ಕಲಕೋಟೆಯ ಪಾಲಿಗೆ ಬಂದದ್ದು ಕಡಿಮೆ. 498 ಚದರ ಮೈಲಿಯ ಈ ಸಂಸ್ಥಾನದಲ್ಲಿ 1901ರಲ್ಲಿ 82,047 ಜನರಿದ್ದರು, ರಾಜಧಾನಿಯಲ್ಲಿ 8,348. ಊರಿನ ಹೆಸರು ಹಾಕಿ ಹುಡುಕಿದರೆ ಸ್ವಾಮಿ ಸಮರ್ಥರ ಕುರಿತ ಪುಸ್ತಕಗಳೇ ರಾಶಿ ಬೀಳುತ್ತವೆ. ಅವನ್ನು ಭಕ್ತಿಸಾಹಿತ್ಯವೆಂದು ತಳ್ಳಿಹಾಕುವುದೂ ದಡ್ಡತನ. 1878ರಲ್ಲಿ ಸಮಾಧಿಯಾದ ಸ್ವಾಮಿಗಳ ಬಖರಿನಲ್ಲಿ ಭಕ್ತ ಚೋಳಪ್ಪನ ಮನೆ, ಅರಮನೆ, ಹೊರಗಿನಿಂದ ಬಂದವರು ಇಳಿದುಕೊಂಡ ಜಾಗಗಳ ಮೂಲಕ 19ನೇ ಶತಮಾನದ ಊರಿನ ಓಣಿಗಳು ಕಾಣುತ್ತವೆ. ಸರ್ಕಾರಿ ಕಾಗದಕ್ಕೆ ಮಾತ್ರ ಬೇರೆ ದಾರಿ ಹಿಡಿಯಬೇಕು. 1848ರಲ್ಲಿ ಸಾತಾರಾ ರಾಜ್ಯ ಕಂಪನಿಗೆ ಸೇರಿದ ಮೇಲೆ ಅಕ್ಕಲಕೋಟೆಯನ್ನು ಔಂಧ, ಭೋರ, ಜತ್ತ, ಫಲಟಣಗಳ ಜತೆ ‘ಸಾತಾರಾ ಜಹಗೀರು’ ಎಂದು ಗಣಿಸಿದರು. ಸೊಲ್ಲಾಪುರದ ಕಲೆಕ್ಟರರೇ ಅದರ ಪೊಲಿಟಿಕಲ್ ಏಜೆಂಟರಾಗಿದ್ದರು. 1930ರ ದಶಕದಲ್ಲಿ ಅದು ಡೆಕ್ಕನ್ ಸ್ಟೇಟ್ಸ್ ಏಜೆನ್ಸಿಗೆ ಹೋಯಿತು. ಮುಂಬಯಿ ಪತ್ರಾಗಾರದಲ್ಲಿ ಪೊಲಿಟಿಕಲ್ ಇಲಾಖೆ, ಸಾತಾರಾ ಜಹಗೀರು ಎಂದು ಕೇಳಿದವರಿಗೆ ಸಿಗುವುದು ಅಕ್ಕಲಕೋಟೆ ಎಂದು ಕೇಳಿದವರಿಗೆ ಸಿಗದು. ಗಾಡಗೀಳರು ಸೊಲ್ಲಾಪುರಕ್ಕೆ ಮಾಡಿದಂಥ ಕೆಲಸ ಈ ಊರಿಗೆ ಆಗಿಲ್ಲ.

ಕರ್ನಾಟಕ-ಮಹಾರಾಷ್ಟ್ರಗಳ ಗಡಿವಿವಾದ ಈ ಅಸಮತೋಲನವನ್ನು ಹೆಚ್ಚಿಸಿತು. 1950ರಲ್ಲಿ ಸೊಲ್ಲಾಪುರದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟು ಅಕ್ಕಲಕೋಟೆ ತಾಲ್ಲೂಕನ್ನು ಕರ್ನಾಟಕಕ್ಕೆ ಶಿಫಾರಸು ಮಾಡಿತು. ಆಮೇಲೆ ಎರಡೂ ಕಡೆಯವರು ಪತ್ರಾಗಾರಕ್ಕೆ ಹೋದದ್ದು ವಕಾಲತ್ತಿಗೆ ಸಾಕ್ಷಿ ಹುಡುಕಲು. ಸೆನ್ಸಸ್ ಕೋಷ್ಟಕದಲ್ಲಿ ಮಾತೃಭಾಷೆಯ ಕಾಲಂ ಒಂದನ್ನೇ ನೋಡಿ ಪುಸ್ತಕ ಮುಚ್ಚುವುದು ರೂಢಿಯಾಯಿತು. ಅದೇ ಪುಟದ ಪಕ್ಕದಲ್ಲಿ ಕಸುಬು, ವಲಸೆ, ಮನೆಗಳ ಸಂಖ್ಯೆ ಇದ್ದವು. ಕನ್ನಡದವರು ಶಾಸನ ಮತ್ತು ಶೇಕಡಾವಾರಿನಲ್ಲಿ ನಿಂತರು, ಮರಾಠಿಯವರು ಪೇಶ್ವೆ ಮತ್ತು ಹುತಾತ್ಮರಲ್ಲಿ ನಿಂತರು. ನಡುವೆ ಇದ್ದ ಊರು, ಅದರ ನೀರು, ಚಾಳು, ಪೇಟೆ, ಹಾಗೇ ಉಳಿಯಿತು.

ಡಿಜಿಟಲ್ ದತ್ತಕೋಶಗಳು ಬಂದಾಗ ಇದು ಸರಿಹೋಗಬೇಕಿತ್ತು. ಬೆಂಗಳೂರಿನ ಐಐಎಸ್‌ಸಿ ಮುಂದಾಳತ್ವದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಪುಸ್ತಕಗಳು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಗೋಖಲೆ ಸಂಸ್ಥೆಯ ಗಾಡಗೀಳ ಗ್ರಂಥಾಲಯದ ಭಂಡಾರದಲ್ಲಿ ಪ್ರಾಂತ್ಯದ ವರದಿಗಳು ಸಿಗುತ್ತವೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ ಪಟಲ್’ 2015ರಿಂದ ಇದೆ. ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಇದೆ. ಇವು ಬಂದ ಮೇಲೆ ಪತ್ರಾಗಾರಕ್ಕೆ ಹೋಗಬೇಕಾಗಿಲ್ಲ ಎಂಬ ನಂಬಿಕೆ ಹುಟ್ಟಿತು. ಕೀಲಿಪದ ಹಾಕಿ ಬಂದದ್ದನ್ನು ಪೋಣಿಸಿ ಪ್ರಬಂಧವೆನ್ನುವ ಫ್ಯಾಶನ್ ಅದರ ಫಲ. ಹಳೆಯ ಇಂಗ್ಲಿಷ್ ಕಡತಗಳಲ್ಲಿ ಈ ಊರು ‘ಶೋಲಾಪುರ’, ಸಂಸ್ಥಾನ ಒಂದೇ ಕಕಾರದ ‘ಅಕಲಕೋಟ’. ಇಂದಿನ ಕಾಗುಣಿತ ಹಾಕಿದರೆ ಸ್ವಾತಂತ್ರ್ಯಪೂರ್ವದ ಬಹುಪಾಲು ಕಣ್ಣಿಗೇ ಬೀಳುವುದಿಲ್ಲ. ಅಚ್ಚಿನ ಇಂಗ್ಲಿಷನ್ನು ಯಂತ್ರ ಚೆನ್ನಾಗಿ ಓದುತ್ತದೆ, 19ನೇ ಶತಮಾನದ ಕನ್ನಡ ಮೊಳೆಗಳಲ್ಲಿ ಎಡವುತ್ತದೆ, ಕೈಬರಹದ ಮೋಡಿಯಲ್ಲಂತೂ ನಿಂತೇಬಿಡುತ್ತದೆ. ಹೀಗಾಗಿ ಹುಡುಕಿದಷ್ಟೂ ಇಂಗ್ಲಿಷ್ ಟೈಮ್ಸ್ ಆಫ್ ಇಂಡಿಯಾದ ಸೊಲ್ಲಾಪುರವೇ, ಅಂದರೆ ಗಿರಣಿ ಮಾಲೀಕರ ಮತ್ತು ಪೊಲೀಸರ ಸೊಲ್ಲಾಪುರವೇ, ಮೇಲೆ ತೇಲುತ್ತದೆ. ಇದೇ ಊರಿನ ಮರಾಠಿ ಪತ್ರಿಕೆ ‘ಕಲ್ಪತರು’ ಏನೆಂದಿತು ಎಂದು ತಿಳಿಯಲು ಸರ್ಕಾರದ ದೇಶೀ ಪತ್ರಿಕೆಗಳ ವಾರದ ಸಾರಾಂಶಗಳನ್ನು ಪುಟ ತಿರುವಿಯೇ ನೋಡಬೇಕು. ಚಂದಾ ಕಟ್ಟುವ ದತ್ತಕೋಶಗಳ ಬಾಗಿಲು ಇನ್ನೂ ಕಿರಿದು. 2025ರ ಜನವರಿಯಲ್ಲಿ ಜಾರಿಗೆ ಬಂದ ‘ಒಂದು ದೇಶ, ಒಂದು ಚಂದಾ’ ಯೋಜನೆ ಸರ್ಕಾರಿ ಸಂಸ್ಥೆಗಳಿಗಾಗಿ ಇರುವಂಥದ್ದು. ಕುಂಭಾರರಂಥವರು ಇಂದು ಇದ್ದಿದ್ದರೆ ಹೊರಗೇ ನಿಲ್ಲುತ್ತಿದ್ದರು.

ಯಾವ ದತ್ತಕೋಶಕ್ಕೂ ಸಿಗದ ಕಾಗದಗಳೆಂದರೆ ಪೇಟೆಯವರದು. ಮಹಾನಗರಪಾಲಿಕೆಯ ಇಂದ್ರಭುವನ ‘ವಾರದ’ ಮನೆತನ ಕಟ್ಟಿಸಿದ ಮಹಲು. ಅದನ್ನು ಕಟ್ಟಿದ ಹಣ ಲಿಂಗಾಯತ ವ್ಯಾಪಾರಿಗಳ ಅಡತಿಯಿಂದ ಬಂದದ್ದು. ಆ ವ್ಯಾಪಾರದ ರೋಜಕೀರ್ದಿ, ಖತಾವಣಿಯಂಥ ಲೆಕ್ಕದ ಪುಸ್ತಕಗಳು ಮನೆತನಗಳ ಅಟ್ಟದಲ್ಲಿ ಉಳಿದಷ್ಟು ಉಳಿದಿರುತ್ತವೆ. ಜಪ್ತಾದ ಗಿರಣಿಗಳ ಕಾಗದ ಲಿಕ್ವಿಡೇಟರರ ವಶಕ್ಕೆ ಹೋಗುತ್ತದೆ. ಅಪರಾಧಿ ಬುಡಕಟ್ಟುಗಳೆಂದು ಹಣೆಪಟ್ಟಿ ಹಚ್ಚಿ ಬೇಲಿಯೊಳಗಿಟ್ಟ ಜನರ ‘ಸೆಟ್ಲ್‌ಮೆಂಟ್’ ಇಂದು ಊರಿನ ಒಂದು ಬಡಾವಣೆಯ ಹೆಸರು. ಗಿರಣಿಗಳಿಗೆ ಆಳು ಒದಗಿಸಿದ ಆ ವಸತಿಯ ಇತಿಹಾಸ ಬರೆಯಲು ಮುಂಬಯಿಯ ಗೃಹ ಇಲಾಖೆಯ ಕಡತಗಳ ಜತೆ ಅಮೆರಿಕನ್ ಮರಾಠಿ ಮಿಶನ್ನಿನ ಪತ್ರಗಳೂ ಬೇಕು. ಅವು ಹಾರ್ವರ್ಡ್‌ನ ಹೌಟನ್ ಗ್ರಂಥಾಲಯದಲ್ಲಿ ಅಮೆರಿಕನ್ ಬೋರ್ಡಿನ ದಾಖಲೆಗಳೊಂದಿಗೆ ಇವೆ.