ಪಿಯಾನೋ ಕೇಳುವ ಮೊದಲೇ

ರೋಮನ್ ಪೋಲಾನ್ಸ್ಕಿಯ ‘ದಿ ಪಿಯಾನಿಸ್ಟ್’ (2002) ಚಿತ್ರ ನೋಡಿದವರೆಲ್ಲ ಒಂದೇ ದೃಶ್ಯದ ಮಾತಾಡುತ್ತಾರೆ. 1944ರ ಕೊನೆ. ಜರ್ಮನ್ನರು ಸುಟ್ಟು ಬರಿದುಮಾಡಿದ ವಾರ್ಸಾ ನಗರ. ಪಾಳುಮನೆಯಲ್ಲಿ ಅಡಗಿರುವ ಯಹೂದಿ ಸಂಗೀತಗಾರ ವ್ಲಾದಿಸ್ಲಾವ್ ಷ್ಪಿಲ್‌ಮನ್ ಒಬ್ಬ ಜರ್ಮನ್ ಅಧಿಕಾರಿಯ ಕಣ್ಣಿಗೆ ಬೀಳುತ್ತಾನೆ. ಅಧಿಕಾರಿ ಪಿಯಾನೋ ನುಡಿಸಲು ಹೇಳುತ್ತಾನೆ. ಇವನು ನುಡಿಸುತ್ತಾನೆ, ಜೀವ ಉಳಿಯುತ್ತದೆ. ಸಂಗೀತಕ್ಕೆ ಕಲ್ಲೂ ಕರಗಿತು ಎಂದು ನಾವು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತೇವೆ.

ಕಥೆ ನಿಜವಾಗಿ ನಡೆದದ್ದೇ. ಆದರೆ ಅಲ್ಲಿ ಕಲ್ಲು ಇರಲಿಲ್ಲ ಎಂಬುದು ನನ್ನ ತಕರಾರು.

ನನಗೆ ಆ ದೃಶ್ಯಕ್ಕಿಂತ ಹೆಚ್ಚು ಕಾಡಿದ್ದು ಒಂದು ತುಂಡು ಮಿಠಾಯಿ. 1940ರ ನವೆಂಬರಿನಲ್ಲಿ ಗೋಡೆ ಎಬ್ಬಿಸಿ ಮುಚ್ಚಿದ ಕೇರಿಯೊಳಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ತುಂಬಿದ್ದರು. 1942ರ ಬೇಸಿಗೆಯಲ್ಲಿ ಅವರಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕಿ ಜನರನ್ನು ಟ್ರೆಬ್ಲಿಂಕಾಕ್ಕೆ ಸಾಗಿಸಿ ಕೊಂದರು. ರೈಲಿಗೆ ಕಾಯುತ್ತಾ ಬಿಸಿಲಲ್ಲಿ ಕೂತ ಸಂಸಾರದ ಬಳಿ ಉಳಿದದ್ದು ಒಂದಿಷ್ಟು ಚಿಲ್ಲರೆ. ತಂದೆ ಅದರಿಂದ ಒಂದೇ ಒಂದು ಮಿಠಾಯಿ ಕೊಂಡು, ಚಾಕುವಿನಿಂದ ಆರು ಪಾಲು ಮಾಡುತ್ತಾನೆ. ಮನೆಯಲ್ಲಿ ಬಡಿಸುವ ಕೈ ನಮ್ಮದು. ಸಮಪಾಲು ಎಂದರೇನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆರು ಜನರಲ್ಲಿ ಉಳಿದವನು ಒಬ್ಬನೇ. ಅವನನ್ನೂ ಸಾಲಿನಿಂದ ಆಚೆಗೆ ಎಳೆದುಹಾಕಿದವನು ಯಹೂದಿ ಪೊಲೀಸಿನವನು. ತನ್ನವರನ್ನೇ ರೈಲಿಗೆ ತಳ್ಳುತ್ತಿದ್ದ ಕೈ ಅದು!

ಕೇರಿಯಿಂದ ತಪ್ಪಿಸಿಕೊಂಡ ಮೇಲೆ ಅವನನ್ನು ಬಚ್ಚಿಟ್ಟವರು ಪೋಲೆಂಡಿನ ಗೆಳೆಯರು. ಗಾಯಕಿ ಯಾನಿನಾ ಗೊಡ್ಲೆವ್ಸ್ಕಾ ಮತ್ತು ಅವಳ ಗಂಡ, ನಟ ಬೊಗುಟ್ಸ್ಕಿ ಅವರಲ್ಲಿದ್ದರು. ಯಹೂದಿಗೆ ಆಶ್ರಯ ಕೊಟ್ಟವರಿಗೆ ಆಗ ಮರಣದಂಡನೆ. ಪಡಿತರದ ಕಾಲದಲ್ಲಿ ಇನ್ನೊಂದು ಹೊಟ್ಟೆಗೆ ಅನ್ನ ಹೊಂದಿಸುವುದು, ನೆರೆಯವರ ಕಣ್ಣು ತಪ್ಪಿಸಿ ಅದನ್ನು ಮುಟ್ಟಿಸುವುದು — ಇದಕ್ಕೆ ಹಿನ್ನೆಲೆ ಸಂಗೀತವಿಲ್ಲ. ಅದಕ್ಕೇ ಏನೋ, ಈ ಭಾಗ ನೋಡುಗರ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಇನ್ನು ಆ ಅಧಿಕಾರಿ. ಹೆಸರು ವಿಲ್ಮ್ ಹೋಸೆನ್‌ಫೆಲ್ಡ್. ಚಿತ್ರ ಹೇಳದ ಒಂದು ಸಂಗತಿ ನನ್ನಂಥವಳಿಗೆ ಮುಖ್ಯವಾಯಿತು: ಅವನು ಹಳ್ಳಿ ಶಾಲೆಯ ಮೇಷ್ಟ್ರು. ಐದು ಮಕ್ಕಳ ತಂದೆ. ದೇವರಂಥವನೇನಲ್ಲ, 1935ರಲ್ಲಿ ನಾಜಿ ಪಕ್ಷ ಸೇರಿದ್ದ, ಹಿಟ್ಲರನನ್ನು ನಂಬಿದ್ದ. ಆದರೆ 1939ರಲ್ಲೇ ಪೋಲೆಂಡಿನ ಯುದ್ಧಕೈದಿಗಳನ್ನು ಕಾಯುವಾಗ, ನಿಯಮ ಮೀರಿ ಅವರ ಮನೆಯವರಿಗೆ ಭೇಟಿಗೆ ಬಿಡುತ್ತಿದ್ದ. ವಾರ್ಸಾದಲ್ಲಿ ಕ್ರೀಡಾಂಗಣದ ಉಸ್ತುವಾರಿ ಸಿಕ್ಕಾಗ, ತಲೆಮರೆಸಿಕೊಂಡವರಿಗೆ ಅಲ್ಲಿ ಕೆಲಸ ಕೊಟ್ಟ. ಟ್ರೆಬ್ಲಿಂಕಾದ ರೈಲಿನಿಂದ ಹಾರಿ ಬದುಕಿದ ಲಿಯಾನ್ ವಾರ್ಮ್ ಅವರಲ್ಲೊಬ್ಬ. ತನ್ನ ಜನ ಮಾಡುತ್ತಿರುವುದರ ಬಗ್ಗೆ ನಾಚಿಕೆಪಟ್ಟು ದಿನಚರಿ ಬರೆದು ಮನೆಗೆ ಕಳಿಸಿದ. ಹೊರಗೆ ಮಾತ್ರ ಅದೇ ಸಮವಸ್ತ್ರ. ಅದನ್ನು ಕೊನೆಯವರೆಗೂ ಕಳಚಲಿಲ್ಲ. ಈ ಎರಡನ್ನೂ ಒಟ್ಟಿಗೆ ಹೇಳಬೇಕು.

ಅಂದರೆ ಪಿಯಾನೋ ಕೇಳಿ ಅವನ ಮನಸ್ಸು ತಿರುಗಿದ್ದಲ್ಲ. ಐದು ವರ್ಷಗಳಿಂದ ಕೈಗೆ ರೂಢಿಯಾಗಿದ್ದ ಕೆಲಸವನ್ನೇ ಆ ದಿನವೂ ಮಾಡಿದ. ಷ್ಪಿಲ್‌ಮನ್‌ಗೆ ಸಂಗೀತ ಬಾರದಿದ್ದರೆ? ಚಿತ್ರ ನೋಡಿದರೆ ಸಂಶಯ ಬರುತ್ತದೆ. ಅವನ ಬದುಕು ನೋಡಿದರೆ ಆಗಲೂ ಬ್ರೆಡ್ಡು ತಂದುಕೊಡುತ್ತಿದ್ದ ಎಂದೇ ನನಗನ್ನಿಸುತ್ತದೆ.

1945ರ ಜನವರಿಯಲ್ಲಿ ಅವನು ರಷ್ಯನ್ನರಿಗೆ ಸೆರೆಸಿಕ್ಕ. 1946ರಲ್ಲಿ ಹೆಂಡತಿಗೆ ಬರೆದ ಕಾರ್ಡಿನಲ್ಲಿ ತಾನು ಉಳಿಸಿದವರ ಹೆಸರು ಕೊಟ್ಟು, ಅವರನ್ನು ಹುಡುಕು ಎಂದಿದ್ದ. 1950ರಲ್ಲಿ ವಾರ್ಮ್ ತಾನಾಗಿಯೇ ಆ ಮನೆಗೆ ಹೋದಾಗ ಅವಳು ಕಾರ್ಡು ತೋರಿಸಿದಳು. ಅದರಲ್ಲಿ ವಾರ್ಸಾ ರೇಡಿಯೋದ ಪಿಯಾನೋ ವಾದಕನ ಹೆಸರೂ ಇತ್ತು. ತನ್ನನ್ನು ಉಳಿಸಿದವನ ಹೆಸರು ಷ್ಪಿಲ್‌ಮನ್‌ಗೆ ತಿಳಿದದ್ದು ಹೀಗೆ. ಅವನು ಪೋಲೆಂಡಿನ ಅಧಿಕಾರಸ್ಥರ ಬಾಗಿಲು ತಟ್ಟಿದ, ಪ್ರಯೋಜನವಾಗಲಿಲ್ಲ. 1952ರ ಆಗಸ್ಟಿನಲ್ಲಿ ಮೇಷ್ಟ್ರು ಸೆರೆಶಿಬಿರದಲ್ಲೇ ತೀರಿಕೊಂಡರು. ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಅವರನ್ನು ಗೌರವಿಸಿದ್ದು 2008ರಲ್ಲಿ; ಅಷ್ಟರಲ್ಲಿ ಷ್ಪಿಲ್‌ಮನ್ ತೀರಿಕೊಂಡು ಎಂಟು ವರ್ಷವಾಗಿತ್ತು.